ಹಲ್ಲು ಎಣಿಸುತ್ತಿದ್ದ ಸಿಸ್ಟರ್

ಆಸ್ಪತ್ರೆಯ ಕಡತದಲ್ಲಿ ಬರೆದಿರುವ ಹೊತ್ತು ಬೆಳಿಗ್ಗೆ ಒಂಬತ್ತು ಐವತ್ತೆರಡು. ಅದು ನನ್ನ ಮಗಳು ವಾಂತಿ ಮಾಡಿಕೊಂಡ ಹೊತ್ತು. ಆದರೆ ಕೆಡಲು ಶುರುವಾದದ್ದು ಏಳು ಗಂಟೆ ಹತ್ತು ನಿಮಿಷಕ್ಕೆ, ಕಾಪುವಿನಿಂದ ಉಡುಪಿಗೆ ಹೋಗುವ ಹೆದ್ದಾರಿಯ ಬದಿಯ ಒಂದು ಪೆಟ್ರೋಲ್ ಬಂಕಿನಲ್ಲಿ. ಕಾರಿನ ಗಡಿಯಾರದಲ್ಲಿ ಆ ಅಂಕಿಗಳನ್ನು ನೋಡಿದ್ದು ನೆನಪಿದೆ. ಬಹಳ ದಿನ ಅದನ್ನು ನಾನು ಯಾವ ಕಾಗದದ ಮೇಲೂ ಬರೆಯಲಿಲ್ಲ.

ಈಗ ಬರೆಯಲು ಕುಳಿತದ್ದು ಕಳೆದ ತಿಂಗಳು ಶಿರ್ವದಲ್ಲಿ ತೀರಿಕೊಂಡ ಒಬ್ಬ ನರ್ಸ್ ಅನ್ನು ನೆನೆದು. ಅವರ ಹೆಸರನ್ನು ಒಮ್ಮೆ ಬರೆದಿದ್ದೇನೆ, ಒಂದು ದೂರಿನ ಪತ್ರದಲ್ಲಿ, ದುಂಡಗಿನ ಅಕ್ಷರಗಳಲ್ಲಿ. ಇನ್ನೊಮ್ಮೆ ಬರೆಯುವ ಧೈರ್ಯವಿಲ್ಲ. ಎಲ್ಲರೂ ಕರೆಯುತ್ತಿದ್ದಂತೆ ಸಿಸ್ಟರ್ ಎಂದೇ ಕರೆಯುತ್ತೇನೆ.

ಸಿಸ್ಟರ್ ಗಿಡ್ಡಗೆ, ದುಂಡಗೆ ಇದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅದರ ಮೇಲಿಂದ ನೋಡುವ ಅಭ್ಯಾಸ. ಉಡುಪಿಯ ಆ ಆಸ್ಪತ್ರೆಯಲ್ಲಿ ಆಪರೇಶನ್ ಥಿಯೇಟರಿನ ಹೊರಗೆ ಒಂದು ಸಣ್ಣ ಕೋಣೆ. ಶಸ್ತ್ರಚಿಕಿತ್ಸೆಗೆ ಹೋಗುವ ಪುಟ್ಟ ಮಕ್ಕಳೆಲ್ಲ ಮೊದಲು ಅಲ್ಲಿಗೆ ಬರಬೇಕು. ಅಲ್ಲಿ ಮಕ್ಕಳ ಮೂಗಿಗೆ ನಿದ್ದೆ ಬರಿಸುವ ಮದ್ದನ್ನು ಸಿಂಪಡಿಸುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಸಿರಿಂಜಿನ ತುದಿಗೆ ಮೊಗ್ಗಿನಷ್ಟು ದೊಡ್ಡದಾದ ಒಂದು ಮೆತ್ತನೆಯ ತುಂಡು. ಒತ್ತಿದರೆ ಮದ್ದು ಮಂಜಿನ ಹಾಗೆ ಹೊಳ್ಳೆಯೊಳಗೆ ಹರಡುತ್ತದೆ. ಅರ್ಧ ಗಂಟೆಯಲ್ಲಿ ಮಗು ತಾಯಿಯ ಮಡಿಲಲ್ಲೇ ಕಣ್ಣು ಮುಚ್ಚುತ್ತದೆ. ಆಮೇಲೆ ಒಳಗೆ ಎತ್ತಿಕೊಂಡು ಹೋದರೆ ಅದಕ್ಕೆ ತಿಳಿಯುವುದೇ ಇಲ್ಲ.

ಆ ಮದ್ದಿನ ಬಗ್ಗೆ ಸಿಸ್ಟರಿಗೆ ಭಕ್ತಿಯಂಥದ್ದೇ ಇತ್ತು. "ನಾನು ಕೆಲಸಕ್ಕೆ ಸೇರುವಾಗ ಇದೆಲ್ಲ ಇರ್ಲಿಲ್ಲ ಅಮ್ಮ," ಎಂದು ಅವತ್ತು ಬೆಳಿಗ್ಗೆ ಹೇಳಿದ್ದರು. "ಮಕ್ಕಳನ್ನು ತಾಯಿ ಕೈಯಿಂದ ಎಳ್ಕೊಂಡು ಓಡ್ತಿದ್ದೆವು. ಬಾಗಿಲು ಹಾಕಿದ ಮೇಲೂ ಕೂಗು ಕೇಳ್ತಿತ್ತು. ಮಲ್ಪೆಯಲ್ಲಿ ಬೋಟು ಬಂದಾಗ ಆಗ್ತದಲ್ಲ, ಹಾಗೆ ಗಲಾಟೆ. ಈಗ ನೋಡಿ, ನನ್ನ ರೂಮಲ್ಲಿ ಯಾರೂ ಕೂಗುವುದಿಲ್ಲ." ನನ್ನ ರೂಮು ಎನ್ನುವಾಗ ಅವರ ಗಲ್ಲ ಸ್ವಲ್ಪ ಮೇಲೇರುತ್ತಿತ್ತು. ಅವರಿಗೆ ಜಂಬ ಇದ್ದದ್ದು ಅದೊಂದರ ಮೇಲೆ.

ಮದ್ದು ತುಂಬಿದ ಸಿರಿಂಜನ್ನು ಅವರು ಕೂಡಲೇ ಉಪಯೋಗಿಸುತ್ತಿರಲಿಲ್ಲ. ಮುಷ್ಟಿಯೊಳಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದರು. ಯಾಕೆ ಎಂದು ಕೇಳಿದೆ. "ತಣ್ಣಗಿನದ್ದು ಮೂಗಿಗೆ ಹೋದ್ರೆ ನಿಮಗೆ ಖುಷಿ ಆಗ್ತದಾ?" ಎಂದು ತಿರುಗಿ ಕೇಳಿದರು. ಕೂರುತ್ತಿದ್ದದ್ದು ಮನೆಯಿಂದ ತಂದ ಒಂದು ಮರದ ಮಣೆಯ ಮೇಲೆ, ನೆಲಕ್ಕೆ ಅಂಟಿದ ಹಾಗೆ. ಮಂಚದ ಮೇಲಿನ ಮಗು ಅವರನ್ನು ತಲೆ ಬಗ್ಗಿಸಿ ನೋಡಬೇಕು. ಹೆಜಮಾಡಿಯ ಒಬ್ಬ ಮೀನುಗಾರರ ಮಗ ಹಾಗೆ ಬಗ್ಗಿ ನೋಡಿ, "ಬಂಗುಡೆ ಉಂಟಾ?" ಎಂದು ಕೇಳಿದ್ದನಂತೆ. ನೆಲದಲ್ಲಿ ಕೂತು ಎದುರಿನವರನ್ನು ಮಾತಾಡಿಸುವ ಹೆಂಗಸರೆಂದರೆ ಅವನಿಗೆ ಮೀನು ಮಾರುವವರು ಮಾತ್ರ ಗೊತ್ತು. "ಬಂಗುಡೆ ಖಾಲಿ ಮಾರಾಯ, ಇವತ್ತು ಮೂಗಿಗೆ ಮಂಜು ಮಾತ್ರ ಉಂಟು," ಎಂದರಂತೆ ಇವರು. ಈ ಕತೆಯನ್ನು ಅವರು ನನಗೆ ಮೂರು ಸಲ ಹೇಳಿದ್ದಾರೆ. ಮೂರು ಸಲವೂ ಹೇಳಿ ಮುಗಿಯುವ ಮೊದಲೇ ಅವರೇ ನಕ್ಕಿದ್ದಾರೆ.

ಮದ್ದು ಹಾಕುವ ಮೊದಲು ಹಲ್ಲು ಎಣಿಸುವುದು ಅವರ ಕ್ರಮ. "ಬಾಯಿ ತೆರಿ, ಹಲ್ಲು ಎಷ್ಟುಂಟು ನೋಡುವ." ಬೇಕೆಂದೇ ತಪ್ಪು ಎಣಿಸುತ್ತಿದ್ದರು. ಏಳು ಆದ ಮೇಲೆ ಹನ್ನೊಂದು ಹೇಳುವುದು, ಮಗು ತಿದ್ದುವುದು, ಇವರು ಮತ್ತೆ ಮೊದಲಿನಿಂದ ಶುರು ಮಾಡುವುದು. ನೋಡುವವರಿಗೆ ಆಟ. ನಿಜವಾಗಿ ಅವರು ಹುಡುಕುತ್ತಿದ್ದದ್ದು ಎರಡು: ಅಲುಗಾಡುವ ಹಲ್ಲು, ಮತ್ತೆ ಹಲ್ಲಿನ ಸಂದಿಯಲ್ಲಿ ಉಳಿದ ಆಹಾರ. ಆ ಮದ್ದು ಹಾಕಿದ ಮಗುವಿನ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ತಿಂದದ್ದು ನಿದ್ದೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು.

ಇದು ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಮಧ್ಯರಾತ್ರಿಯ ನಂತರ ಆಹಾರ ಇಲ್ಲ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದೆ. ಮನೆಯಲ್ಲಿ ಎಲ್ಲರಿಗೂ ಅದನ್ನು ಓದಿ ಹೇಳಿದವಳು ನಾನೇ.

ಮಗಳು ಇಂಚರಳಿಗೆ ಆಗ ಮೂರು ವರ್ಷ. ಹರ್ನಿಯಾದ ಸಣ್ಣ ಆಪರೇಶನ್. ನನ್ನ ಗಂಡ ಮಸ್ಕತ್‌ನಲ್ಲಿ ಕೆಲಸ ಮಾಡುವವರು. ಆಪರೇಶನ್ನಿಗೆಂದೇ ರಜೆ ಹಾಕಿ ಬಂದಿದ್ದರು, ನಾಲ್ಕು ದಿನ ಬಿಟ್ಟು ಹಿಂತಿರುಗುವ ಟಿಕೆಟ್ ಆಗಿತ್ತು. ಕಾರ್ಕಳದಲ್ಲಿರುವ ನನ್ನ ಅತ್ತೆ ಮಗುವಿನ ಹೆಸರಿನಲ್ಲಿ ಗಣಹೋಮ ಮಾಡಿಸಿ, ಹಿಂದಿನ ದಿನ ಸಂಜೆ ಎಳ್ಳು, ಬೆಲ್ಲ, ಕಾಯಿತುರಿ ಬೆರೆಸಿದ ಪಂಚಕಜ್ಜಾಯದ ಪ್ರಸಾದವನ್ನು ಬಾಳೆಎಲೆಯಲ್ಲಿ ಕಟ್ಟಿ ತಂದುಕೊಟ್ಟಿದ್ದರು. "ಆಪರೇಶನ್ ಆಗಿ ಡಾಕ್ಟ್ರು ಹೇಳಿದ ಮೇಲೆ ಬಾಯಿಗೆ ಹಾಕು," ಎಂದು ಎರಡು ಸಲ ಹೇಳಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅತ್ತೆ.

ಕಾರಿನಲ್ಲಿ ಇಂಚರ ಹಸಿವೆಯೆಂದು ಅಳತೊಡಗಿದಳು. ಗಂಡ ಪೆಟ್ರೋಲ್ ಹಾಕಿಸಲು ಇಳಿದರು. ಬ್ಯಾಗಿನಲ್ಲಿದ್ದ ಪೊಟ್ಟಣವನ್ನು ಅವಳೇ ನೋಡಿ ಕೈ ಚಾಚಿದಳು. ಪ್ರಸಾದವಲ್ಲವೇ ಎಂದುಕೊಂಡೆ. ನಮ್ಮ ಕಡೆ ಪ್ರಸಾದವನ್ನು ಯಾರೂ ತಿಂಡಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ; ಉಪವಾಸ ಇದ್ದವರೂ ಬೇಡ ಎನ್ನುವುದಿಲ್ಲ. ಒಂದು ಚಿಟಿಕೆ ಕೊಟ್ಟೆ. ಅಳು ನಿಂತಿತು. ಇನ್ನೊಂದು ಬೇಕೆಂದಳು. ಒಂದು ಚಿಟಿಕೆ ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡಿದ್ದೇನೆ. ಅವಳು ತಿಂದದ್ದು ಅರ್ಧ ಪೊಟ್ಟಣ. ಬಾಯಿಯನ್ನು ಚೂಡಿದಾರದ ಶಾಲಿನಿಂದ ಒರೆಸಿದೆ. ಗಂಡ ಬರುವ ಮೊದಲು ಕಾರಿನಿಂದ ಇಳಿದು ಉಳಿದದ್ದನ್ನು ಎಲೆಯ ಸಮೇತ ಬಂಕಿನ ಕಸದ ಡಬ್ಬಿಗೆ ಹಾಕಿ ಬಂದೆ. ಪ್ರಸಾದವನ್ನು ಕಸಕ್ಕೆ ಹಾಕಿದ್ದು ಜನ್ಮದಲ್ಲಿ ಅದೇ ಮೊದಲು. ಹಾಗೆ ಹಾಕಿದವಳಿಗೆ ತಾನು ಮಾಡಿದ್ದು ಏನೆಂದು ಗೊತ್ತಿರಲಿಲ್ಲ ಎಂದರೆ ಯಾರು ನಂಬಬೇಕು?

ಆ ಕೋಣೆಯಲ್ಲಿ ನಮಗಿಂತ ಮೊದಲು ಕರಾವಳಿಯ ಒಂದು ಬ್ಯಾರಿ ಮುಸ್ಲಿಂ ಕುಟುಂಬ ಕಾಯುತ್ತಿತ್ತು. ಗಂಡುಮಗು, ತಾಯಿ, ಅಜ್ಜಿ. ಸಿಸ್ಟರ್ ತಾಯಿಯನ್ನು ಕನ್ನಡದಲ್ಲಿ ಕೇಳಿದರು, ಮಗುವಿಗೆ ಏನಾದರೂ ಕೊಟ್ಟಿದ್ದೀರಾ ಎಂದು. ಆಕೆ ಇಲ್ಲ ಎಂದಳು. ಕಾಗದದಲ್ಲಿ ಬರೆದುಕೊಂಡರು. ಆಮೇಲೆ ಅಜ್ಜಿಯ ಪಕ್ಕ ಹೋಗಿ ಬ್ಯಾರಿ ಭಾಷೆಯಲ್ಲಿ ಏನೋ ಮಾತು ತೆಗೆದರು. ಊರು, ಸಂಬಂಧ, ಮೊಣಕಾಲು ನೋವು. ನಡುವೆ ಎಲ್ಲೋ ಅದೇ ಪ್ರಶ್ನೆ ಬಂದಿರಬೇಕು, ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅರ್ಧ ಖರ್ಜೂರ ಕೊಟ್ಟಿದ್ದರಂತೆ, ಆರೂವರೆಗೆ. ಆ ಮಗುವಿನ ಆಪರೇಶನ್ ಮಧ್ಯಾಹ್ನಕ್ಕೆ ಹೋಯಿತು. ಡಾಕ್ಟರ್ ಬಂದು ಗೊಣಗಿದರು. ಸಿಸ್ಟರ್ ಮಾತ್ರ ಕ್ಯಾಂಟೀನಿನಿಂದ ಚಹಾ ತರಿಸಿ ಅಜ್ಜಿಯ ಕೈಗೆ ಕೊಟ್ಟರು.

ಕನ್ನಡ ಇಲ್ಲಿ ಎಲ್ಲರಿಗೂ ಬರುತ್ತದೆ. ಆದರೆ ಅದು ಆಫೀಸಿನ ಭಾಷೆ, ಕಾಗದದ ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. "ಕನ್ನಡದಲ್ಲಿ ಸುಳ್ಳು ಹೇಳ್ಲಿಕ್ಕೆ ಸುಲಭ ಆಗ್ತದೆ ಅಮ್ಮ," ಎಂದು ಸಿಸ್ಟರ್ ನನ್ನ ಕಡೆ ತಿರುಗಿ ನಕ್ಕರು. "ಫಾರ್ಮ್ ತುಂಬಿಸಿದ ಹಾಗೆ ಬರ್ತದೆ. ಮನೆ ಭಾಷೆಯಲ್ಲಿ ಕೇಳಿದ್ರೆ ನಾಲಿಗೆ ತಡೀತದೆ."

ನಮ್ಮ ಸರದಿ ಬಂದಾಗ ಅವರು ಇಂಚರಳ ಹಲ್ಲು ಎಣಿಸಿದರು. ಒಂಬತ್ತು ಎಂದವರು ಅಲ್ಲಿಗೆ ನಿಂತರು. ಕನ್ನಡಕ ಮೇಲೆ ಸರಿಸಿಕೊಂಡು ನೋಡಿದರು. ನನ್ನ ಕಡೆ ತಿರುಗಿ ಮೆಲ್ಲಗೆ ತುಳುವಿನಲ್ಲಿ, "ಬಾಲೆಗ್ ದಾದಾಂಡಲಾ ಕೊರ್ತರಾ?" ಎಂದರು. ಮಗುವಿಗೆ ಏನಾದರೂ ಕೊಟ್ಟಿದ್ದೀರಾ. ನನ್ನ ತಾಯಿ ಕೇಳಿದ ಹಾಗಿತ್ತು.

ನಾನು ಕನ್ನಡದಲ್ಲಿ ಉತ್ತರಿಸಿದೆ. "ಇಲ್ಲ ಸಿಸ್ಟರ್. ಸೂಚನೆಗಳನ್ನು ಪೂರ್ತಿ ಓದಿದ್ದೇವೆ."

"ಹಲ್ಲಲ್ಲಿ ಎಳ್ಳಿನ ಹಾಗೆ ಎಂತದೋ ಉಂಟು."

"ನಿನ್ನೆ ರಾತ್ರಿಯದ್ದಿರಬೇಕು. ಬೆಳಿಗ್ಗೆ ಬ್ರಷ್ ಮಾಡಲು ಬಿಡಲಿಲ್ಲ."

ಅವರು ನನ್ನ ಮುಖ ನೋಡಿದರು. ಗಂಡ ನಮ್ಮ ಮಾತು ಕೇಳದಷ್ಟು ದೂರದಲ್ಲಿ, ಬಾಗಿಲ ಹತ್ತಿರ ನಿಂತು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದರು. ಆಪರೇಶನ್ ಮುಂದೆ ಹೋದರೆ ಅವರು ಇರುವುದಿಲ್ಲ, ನಾನೊಬ್ಬಳೇ ಎಲ್ಲ ಮಾಡಬೇಕು, ಎಷ್ಟು ತಿಂಗಳ ಕಾಯುವಿಕೆ. ಇದೆಲ್ಲ ನಿಜ. ಅದಕ್ಕಿಂತ ಹೆಚ್ಚು ನಿಜವಾದದ್ದು ಇನ್ನೊಂದು: ಆ ಬ್ಯಾರಿ ಅಜ್ಜಿಯ ಹಾಗೆ ಎಲ್ಲರ ಎದುರು ತಲೆ ತಗ್ಗಿಸಿ ಕೂರುವುದು ನನಗೆ ಬೇಡವಾಗಿತ್ತು. ಓದಿದವಳು ನಾನು.

ಸಿಸ್ಟರ್ ತಲೆಯಾಡಿಸಿ ಸಿರಿಂಜನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಒಂಬತ್ತು ಇಪ್ಪತ್ತಕ್ಕೆ ಎರಡು ಹೊಳ್ಳೆಗೂ ಮದ್ದು ಹೋಯಿತು. ಇಂಚರ ಒಮ್ಮೆ ಮೂಗು ಉಜ್ಜಿಕೊಂಡಳು, ಅಷ್ಟೇ. ಮುಕ್ಕಾಲಿಗೆ ನನ್ನ ಮಡಿಲಲ್ಲಿ ನಿದ್ದೆ. ಅವಳನ್ನು ಮಂಚಕ್ಕೆ ಮಲಗಿಸಿ ಕಾಲ್ಬೆರಳಿಗೆ ಕೆಂಪು ದೀಪದ ಕ್ಲಿಪ್ ಸಿಕ್ಕಿಸಿದರು. ಪಕ್ಕದ ಯಂತ್ರದಲ್ಲಿ ಆಮ್ಲಜನಕ ತೊಂಬತ್ತೆಂಟು ಎಂದು ಕಾಣುತ್ತಿತ್ತು. ಇಷ್ಟೇ ತಾನೇ, ಏನೂ ಆಗಲಿಲ್ಲವಲ್ಲ ಎಂದು ನನಗೆ ಹಗುರಾಯಿತು. ಅಲ್ಲಿಂದ ಏಳು ನಿಮಿಷ.

ಮೊದಲು ಒಂದು ಬಿಕ್ಕಳಿಕೆ. ಆಮೇಲೆ ಗಂಟಲಲ್ಲಿ ಒಂದು ಸದ್ದು, ತುಂಬಿದ ಕೊಡ ಬಗ್ಗಿಸಿದ ಹಾಗೆ. ನಾನು ಎದ್ದು ನಿಲ್ಲುವಷ್ಟರಲ್ಲಿ ಸಿಸ್ಟರ್ ಅವಳನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕಡೆ ಮಂಚ ಇಳಿಸಿ, ಬಾಯಿಗೆ ಕೊಳವೆ ಹಾಕಿ ವಾಂತಿಯನ್ನು ಹೊರಕ್ಕೆ ಎಳೆಯತೊಡಗಿದ್ದರು. ಕೂಗಲಿಲ್ಲ. "ಡಾಕ್ಟ್ರೇ, ಬನ್ನಿ," ಎಂದರು, ಊಟಕ್ಕೆ ಕರೆದ ಹಾಗೆ. ತೊಂಬತ್ತೊಂದು. ಎಂಬತ್ತನಾಲ್ಕು. ಎಪ್ಪತ್ತಾರು. ಇಂಚರಳ ತುಟಿ ನೇರಳೆ ಹಣ್ಣು ತಿಂದ ಬಣ್ಣಕ್ಕೆ ತಿರುಗಿತು. ಗಂಡನನ್ನು ಯಾರೋ ಹೊರಗೆ ಕಳಿಸಿದರು. ನನಗೆ ಸಿಸ್ಟರ್, "ನೀವು ಹೋಗ್ಬೇಡಿ. ಅವಳ ಕಾಲು ಹಿಡ್ಕೊಂಡು ನಿಲ್ಲಿ," ಎಂದರು. ಹಿಡಿದುಕೊಂಡೆ. ತಣ್ಣಗಿತ್ತು.

ಆಗ ಅವರು ಕೆಲಸದ ನಡುವೆ, ತಿರುಗಿ ನೋಡದೆ, ಕೇಳಿದರು. "ಎಂತ ಕೊಟ್ಟದ್ದು ಹೇಳಿ ಅಮ್ಮ. ಬೈಲಿಕ್ಕಲ್ಲ. ಡಾಕ್ಟ್ರಿಗೆ ಬೇಕು."

"ಏನೂ ಇಲ್ಲ," ಎಂದೆ.

ನಾನು ದಿನವೂ ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಜಾಗದಲ್ಲಿ. ಬಂಕಿನಲ್ಲಿ ಕೊಟ್ಟದ್ದಕ್ಕೆ ಕಾರಣ ಹುಡುಕಬಹುದು, ಮಗು ಅಳುತ್ತಿತ್ತು. ಹಲ್ಲು ಎಣಿಸಿದಾಗ ಹೇಳಿದ ಸುಳ್ಳಿಗೂ ಹುಡುಕಬಹುದು. ಮಗಳ ತುಟಿ ನೀಲಿಯಾಗಿ, ಅವಳ ಪಾದ ನನ್ನ ಕೈಯಲ್ಲಿರುವಾಗ ಏನೂ ಇಲ್ಲ ಎಂದದ್ದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಉತ್ತರ ಕೊಳವೆಯಲ್ಲೇ ಬಂತು, ಬೆಲ್ಲದ ಬಣ್ಣದಲ್ಲಿ.

ಅವಳು ಉಳಿದಳು. ಅಂಕಿಗಳು ಇಳಿದಷ್ಟೇ ನಿಧಾನವಾಗಿ ಮೇಲೆ ಬಂದವು. ಬಲಗಡೆಯ ಶ್ವಾಸಕೋಶಕ್ಕೆ ಸ್ವಲ್ಪ ಇಳಿದಿತ್ತು. ಎರಡು ದಿನ ತೀವ್ರ ನಿಗಾ ಘಟಕ, ಆರು ದಿನ ವಾರ್ಡು. ಆಪರೇಶನ್ ಆಗಲಿಲ್ಲ. ಸಿಸ್ಟರ್ ತಮ್ಮ ಡ್ಯೂಟಿ ಮುಗಿದ ಮೇಲೆ ಎರಡು ಸಂಜೆ ಬಂದು ಗಾಜಿನ ಆಚೆಯಿಂದ ನೋಡಿ ಹೋದರು. ನಾನು ಬೇರೆ ಕಡೆ ನೋಡುತ್ತಾ ಕುಳಿತೆ.

ಗಂಡ ಟಿಕೆಟ್ ಮುಂದಕ್ಕೆ ಹಾಕಿದ್ದರು. ಅವರ ಸಿಟ್ಟಿಗೆ ಒಂದು ಕಡೆ ಬೇಕಿತ್ತು. "ಮಗು ಉಪವಾಸವೇ ಇತ್ತಲ್ಲ. ಆ ರೂಮಲ್ಲಿ ಇವರು ಎಂತ ಮಾಡಿದ್ರು? ಯಾರೋ ಏನೋ ತಿನ್ಸಿದ್ದಾರೆ, ಇಲ್ಲದಿದ್ರೆ ಮದ್ದು ಜಾಸ್ತಿ ಹಾಕಿದ್ದಾರೆ. ಬರಿ ನೀನು, ನಿನ್ನ ಭಾಷೆ ಚಂದ ಉಂಟು." ನಾನು ಬರೆದೆ. ಒಂದೂವರೆ ಪುಟ. 'ಸಂಬಂಧಪಟ್ಟ ಸಿಬ್ಬಂದಿಯ ತೀವ್ರ ನಿರ್ಲಕ್ಷ್ಯ' ಎಂಬ ಮಾತು ನನ್ನದು. ಅದರ ಮುಂದೆ ಅವರ ಹೆಸರು. ಒಂದು ಕಾಗುಣಿತವೂ ತಪ್ಪಾಗಿರಲಿಲ್ಲ.

ಸಿಸ್ಟರನ್ನು ವಿಚಾರಣೆ ಮುಗಿಯುವವರೆಗೆ ಆ ಕೋಣೆಯಿಂದ ತೆಗೆದು ಆಸ್ಪತ್ರೆಯ ಹಿಂಬದಿ, ಹಾಸಿಗೆ ಬಟ್ಟೆಗಳನ್ನು ಇಡುವ ವಿಭಾಗಕ್ಕೆ ಹಾಕಿದರು. ಅವರ ನಿವೃತ್ತಿಗೆ ಎರಡೂವರೆ ತಿಂಗಳು ಉಳಿದಿತ್ತು. ಅದು ನನಗೆ ಆಗ ಗೊತ್ತಿರಲಿಲ್ಲ.

ವಿಚಾರಣೆಗೆ ನನ್ನನ್ನು ಕರೆದಾಗ ಗಂಡ ಮಸ್ಕತ್‌ಗೆ ಹೋಗಿಯಾಗಿತ್ತು. ಮೇಜಿನ ಆಚೆ ಮೂವರು. ಅವರಲ್ಲಿ ನರ್ಸಿಂಗ್ ವಿಭಾಗದ ಮುಖ್ಯಸ್ಥೆ ಸಿಸ್ಟರ್ ಬರೆದುಕೊಟ್ಟ ಹೇಳಿಕೆಯನ್ನು ಓದಿದರು. ಅದರಲ್ಲಿ ಹೀಗಿತ್ತು: ಮಗುವಿನ ಹಲ್ಲಿನಲ್ಲಿ ಎಳ್ಳು ಕಂಡೆ. ತಾಯಿಯನ್ನು ಇನ್ನೊಮ್ಮೆ ಕೇಳಿದೆ. ರಾತ್ರಿಯದ್ದು ಎಂದರು. ನಂಬಿದೆ. ಡಾಕ್ಟರಿಗೆ ತಿಳಿಸಿ ಆಮೇಲೆ ಮದ್ದು ಹಾಕಬೇಕಿತ್ತು. ತಿಳಿಸಲಿಲ್ಲ. ಇದು ನನ್ನ ತಪ್ಪು.

ಎಳ್ಳಿನ ವಿಷಯ ನನಗೂ ಅವರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರು ಬರೆಯದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರ ಮೇಲಿದ್ದ ಒಂದೇ ಒಂದು ನಿಜವಾದ ಆರೋಪವನ್ನು ಅವರೇ ತಂದುಕೊಟ್ಟಿದ್ದರು.

"ನೀವು ಏನಾದರೂ ಹೇಳುವುದುಂಟಾ?" ಎಂದು ಆಕೆ ಕೇಳಿದರು.

ಇಲ್ಲ ಎಂದೆ. ಮೂರನೇ ಸಲ.

ಮರುವಾರ ಕಾಲೇಜು ಮುಗಿಸಿ ಶಿರ್ವದ ಬಸ್ಸು ಹತ್ತಿದೆ. ಗಲ್ಫಿನ ದುಡ್ಡಿನಲ್ಲಿ ಎದ್ದ ದೊಡ್ಡ ಮನೆಗಳ ನಡುವೆ ಅವರದು ಹಂಚಿನ ಸಣ್ಣ ಮನೆ. ಮದುವೆಯಾದವರಲ್ಲ, ತಂಗಿಯ ಜೊತೆ ಇದ್ದರು. ಅಂಗಳದ ತುಂಬ ಮಲ್ಲಿಗೆ ಗಿಡಗಳು. ಬೆಳಿಗ್ಗೆ ಐದಕ್ಕೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟು ಡ್ಯೂಟಿಗೆ ಬರುತ್ತಿದ್ದರೆಂದು ಆಗ ತಿಳಿಯಿತು. ಅಂದು ಅವರಿಗೆ ವಾರದ ರಜೆ. ಜಗಲಿಯಲ್ಲಿ ಕೂತು ನಾರು ಸೀಳುತ್ತಿದ್ದರು.

"ಬನ್ನಿ ಟೀಚರೇ. ಮಗು ಹೇಗುಂಟು?" ಎಂದರು. ಅವರು ಮೊದಲು ಕೇಳಿದ್ದು ಅದನ್ನೇ.

ನಿಂತುಕೊಂಡೇ ಹೇಳಿದೆ. "ಸಿಸ್ಟರ್, ಪಂಚಕಜ್ಜಾಯ. ನಾನೇ ಕೊಟ್ಟದ್ದು."

"ಗೊತ್ತುಂಟು." ನಾರಿನಿಂದ ಕೈ ತೆಗೆಯಲಿಲ್ಲ. "ನಮಗೆ ಪಕ್ಕದ ಮನೆಯಿಂದ ಚೌತಿಗೆ ಬರ್ತದೆ. ಪೈಪಲ್ಲಿ ಬಂದದ್ದು ನೋಡಿದ ಕೂಡ್ಲೇ ಗೊತ್ತಾಯ್ತು. ಎಳ್ಳು, ಬೆಲ್ಲ, ಕಾಯಿ."

"ಹಾಗಾದರೆ ನಾನು ಕೊಟ್ಟೆ ಎಂದು ಯಾಕೆ ಬರೆಯಲಿಲ್ಲ?"

"ಕೊಟ್ಟದ್ದು ನಾನು ನೋಡಿದ್ದೇನಾ? ನೋಡದ್ದನ್ನು ಬರೀಲಿಕ್ಕೆ ಆಗ್ತದಾ?"

ನಾನು ಅತ್ತುಬಿಟ್ಟೆ. ಅವರು ತಡೆಯಲಿಲ್ಲ, ಸಮಾಧಾನ ಮಾಡಲೂ ಇಲ್ಲ. ಅಳು ನಿಲ್ಲುವವರೆಗೆ ನಾರು ಸೀಳುತ್ತಲೇ ಇದ್ದರು. ಆಮೇಲೆ, "ನನ್ನ ಹತ್ರ ಹೇಳಿ ಎಂತ ಪ್ರಯೋಜನ? ತಪ್ಪು ಒಪ್ಪಿಕೊಳ್ಳುವವರಿಗೆ ಅಲ್ಲಿ ಇಗರ್ಜಿಯಲ್ಲಿ ಪಾದ್ರಿಗಳಿದ್ದಾರೆ, ಅವರಿಗೆ ಅದೇ ಕೆಲಸ. ನಾನು ಬೆಡ್‌ಶೀಟ್ ಮಡಚುವವಳು," ಎಂದು ಕನ್ನಡಕದ ಮೇಲಿಂದ ನೋಡಿದರು. ತಮಾಷೆಯೋ ಚುಚ್ಚುಮಾತೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

"ನಾನು ಯಾಕೆ ನಂಬಿದೆ ಗೊತ್ತುಂಟಾ? ಆ ಅಜ್ಜಿಯನ್ನು ನಂಬ್ಲಿಲ್ಲ, ಅವರ ಸೊಸೆಯನ್ನು ನಂಬ್ಲಿಲ್ಲ. ನಿಮ್ಮನ್ನು ನಂಬಿದೆ. ಕಲಿತವರು ಉತ್ತರ ಚಂದ ಮಾಡಿ ಹೇಳ್ತಾರೆ. ಮೂವತ್ತೈದು ವರ್ಷ ಎಲ್ಲರನ್ನೂ ಒಂದೇ ಹಾಗೆ ಕೇಳ್ತಿದ್ದೆ ಅಂತ ಹೇಳ್ಕೊಂಡು ತಿರುಗ್ತಿದ್ದೆ. ಇಲ್ಲ, ನಾನೂ ಬಟ್ಟೆ ನೋಡಿ, ಮಾತು ನೋಡಿ ಕೇಳ್ತಿದ್ದದ್ದು." ಅದು ಅವರಿಗೆ ನಿಜವಾಗಿ ನೋಯುತ್ತಿದ್ದ ವಿಷಯವೆಂದು ಧ್ವನಿಯಲ್ಲಿ ಗೊತ್ತಾಗುತ್ತಿತ್ತು.

ಹೊರಡುವಾಗ ಗೇಟಿನವರೆಗೆ ಬಂದರು. ನನ್ನಿಂದ ಅವರು ಏನಾದರೂ ಕೇಳಿದ್ದು ಅದೊಂದೇ ಸಲ. "ಈ ತಿಂಗಳ ಮೂವತ್ತೊಂದಕ್ಕೆ ನನ್ನದು ಮುಗೀತದೆ. ಅದಕ್ಕಿಂತ ಮೊದಲು ನೀವು ಅಲ್ಲಿ ಹೇಳಿದ್ರೆ ನಾನು ಒಮ್ಮೆ ನನ್ನ ರೂಮಿಗೆ ಹೋಗಿ ಬರ್ಬಹುದು. ಅಲ್ಲಿಂದ ಮನೆಗೆ ಬರ್ಬೇಕು ಅಂತ ಇತ್ತು."

ಇಪ್ಪತ್ತೆರಡು ದಿನ ಇತ್ತು. ಮೊದಲ ವಾರ ಪರೀಕ್ಷೆಯ ಮೌಲ್ಯಮಾಪನ ಎಂದುಕೊಂಡೆ. ಎರಡನೇ ವಾರ ಗಂಡನಿಗೆ ಫೋನಿನಲ್ಲಿ ಹೇಳುವುದು ಹೇಗೆ, ಅವರು ಬಂದ ಮೇಲೆ ಹೇಳೋಣ ಎಂದುಕೊಂಡೆ. ಮೂರನೇ ವಾರ ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡು ಆಸ್ಪತ್ರೆಯ ಗೇಟಿನವರೆಗೆ ಎರಡು ಸಲ ಹೋದೆ. ಕಾಲೇಜಿಗೆ ಗೊತ್ತಾದರೆ, ವಿದ್ಯಾರ್ಥಿಗಳಿಗೆ ಗೊತ್ತಾದರೆ, ಪೊಲೀಸರಿಗೆ ಹೋದರೆ. ರಾತ್ರಿ ಪ್ರತಿ ಗಂಟೆಗೆ ಎಚ್ಚರವಾಗುತ್ತಿತ್ತು. ಇಂಚರಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ತಾಗುತ್ತದೆಯೇ ನೋಡಿ ಮಲಗುವುದು, ಮತ್ತೆ ಏಳುವುದು; ಆಮೇಲಿನ ವರ್ಷಗಳಲ್ಲೂ ಅದು ಬಿಡಲಿಲ್ಲ. ಹಗಲಿನಲ್ಲಿ ಆ ಎಚ್ಚರವೇ ಒಂದು ಪ್ರಾಯಶ್ಚಿತ್ತ ಎಂದು ನನ್ನನ್ನು ನಾನು ನಂಬಿಸಿಕೊಳ್ಳುತ್ತಿದ್ದೆ.

ಮೂವತ್ತೊಂದು ಶನಿವಾರ ಬಂತು, ಹೋಯಿತು.

ಭಾನುವಾರ ಅತ್ತೆ ಕಾರ್ಕಳದಿಂದ ಮಣಿಪಾಲದ ಮೂಲಕ ಬರುವ ಬಸ್ಸಿನಲ್ಲಿ ಬಂದರು. ಅಡುಗೆಮನೆಯಲ್ಲಿ ಅವರ ಬೆನ್ನಿಗೆ ಹೇಳಿದೆ, ಮುಖಕ್ಕೆ ಹೇಳಲಾಗಲಿಲ್ಲ. ಅವರು ಒಲೆ ಸಣ್ಣ ಮಾಡಿ ತಿರುಗಿದರು.

"ನನಗೆ ಅವತ್ತೇ ಗೊತ್ತಿತ್ತು ಮಾರಾಯ್ತಿ. ಪೊಟ್ಟಣ ಎಲ್ಲಿ ಅಂತ ಕೇಳಿದೆ ಅಲ್ವಾ, ನೀನು ಕೇಳದ ಹಾಗೆ ಮಾಡಿದಿ." ಸೌಟು ಕೆಳಗಿಟ್ಟರು. "ಸಂಬಂಧಿಕರು ಎಲ್ಲ ನಾನು ಕೊಟ್ಟದ್ದು ಅಂತ ಹೇಳ್ತಿದ್ದಾರೆ. ಹೇಳ್ಲಿ. ಆದ್ರೆ ಆ ನರ್ಸಮ್ಮನಿಗೆ ಯಾಕೆ ಹೀಗೆ ಮಾಡಿದಿ? ಎಂತ ದ್ವೇಷ ಇತ್ತು ನಿನಗೆ?"

ದ್ವೇಷ ಇರಲಿಲ್ಲ ಎಂದೆ. "ಮತ್ತೆ?" ಎಂದರು.

ಸೋಮವಾರ ಅತ್ತೆಯೇ ಜೊತೆಗೆ ಬಂದರು. ಪತ್ರ ಕೊಟ್ಟೆ. ಪೆಟ್ರೋಲ್ ಬಂಕು, ಏಳು ಹತ್ತು, ಅರ್ಧ ಪೊಟ್ಟಣ, ಮೂರು ಸಲ ಹೇಳಿದ ಇಲ್ಲ, ದೂರಿನಲ್ಲಿ ಬರೆದದ್ದು ಸುಳ್ಳು ಎಂಬುದು, ಎಲ್ಲ ಇತ್ತು. ನರ್ಸಿಂಗ್ ಮುಖ್ಯಸ್ಥೆ ಓದಿ ಮಡಚಿದರು. "ಶನಿವಾರ ತಂದಿದ್ದರೆ ಚೆನ್ನಾಗಿತ್ತು," ಎಂದರು. ಬಟ್ಟೆಯ ಕೋಣೆಯಲ್ಲೇ, ಬೆಡ್‌ಶೀಟಿನ ರಾಶಿಗಳ ನಡುವೆ, ನಾಲ್ಕು ಜನ ಸೇರಿ ಬೀಳ್ಕೊಡುಗೆಯ ಕೇಕ್ ಕತ್ತರಿಸಿದರಂತೆ. ಸಿಸ್ಟರ್ ಹಿಂದಿನ ಗೇಟಿನಿಂದ ಹೋದರಂತೆ, ಬಸ್ಸಿಗೆ ಅದೇ ಹತ್ತಿರ ಎಂದು ಹೇಳಿ.

ಆಮೇಲೆ ಅವರ ಸೇವಾ ಕಡತದಿಂದ ನಿರ್ಲಕ್ಷ್ಯದ ಷರಾ ತೆಗೆದರು. ಎಳ್ಳು ನೋಡಿಯೂ ಡಾಕ್ಟರಿಗೆ ತಿಳಿಸದ ಬಗ್ಗೆ ಒಂದು ಸಾಲು ಉಳಿಯಿತು. ಅದು ಇರಲಿ ಎಂದು ಅವರೇ ಹೇಳಿದ್ದರಂತೆ. ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವರು ಫೋನ್ ಇಟ್ಟುಬಿಟ್ಟರು. ಮೂರು ದಿನ ಫೋನ್ ಬರಲಿಲ್ಲ. ನಾಲ್ಕನೇ ದಿನ ಮಾಡಿ ಇಂಚರಳ ಜೊತೆ ಮಾತ್ರ ಮಾತಾಡಿದರು.

ಮುಂದಿನ ವರ್ಷ ಇಂಚರಳ ಆಪರೇಶನ್ ಆಯಿತು. ಬರುತ್ತೀರಾ ಎಂದು ಸಿಸ್ಟರನ್ನು ಕೇಳುವ ಮುಖ ನನಗಿರಲಿಲ್ಲ. ಅತ್ತೆ ಫೋನ್ ಮಾಡಿದ್ದರು. ಸಿಸ್ಟರ್ ಹೂಹೂವಿನ ಸೀರೆ ಉಟ್ಟು ಬಂದು ಹೊರಗಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತರು. ಸಮವಸ್ತ್ರವಿಲ್ಲದೆ ಅವರು ಇನ್ನೂ ಗಿಡ್ಡ ಕಾಣುತ್ತಿದ್ದರು. ಆ ಕೋಣೆಯ ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದರು. "ಹೋಗಿ ಬನ್ನಿ ಒಳಗೆ, ಯಾರು ಬೇಡ ಅಂತಾರೆ?" ಎಂದರು ಅತ್ತೆ. "ಈಗ ನಾನು ಹೊರಗಿನವಳು ಅಲ್ವಾ. ಹೊರಗಿನವರನ್ನು ಒಳಗೆ ಬಿಡ್ಬಾರ್ದು ಅಂತ ನಾನೇ ಎಷ್ಟು ಜನರಿಗೆ ಬೈದಿದ್ದೇನೆ," ಎಂದರು.

ಅವರು ಸಿಡುಕಿಯೂ ಹೌದು. ಶಿರ್ವಕ್ಕೆ ನಾನು ಆಗಾಗ ಹೋಗುತ್ತಿದ್ದೆ. ಹಣ್ಣು ತೆಗೆದುಕೊಂಡು ಹೋದರೆ, "ಇದೆಂತ, ರೋಗಿಯನ್ನು ನೋಡ್ಲಿಕ್ಕೆ ಬಂದದ್ದಾ?" ಎನ್ನುತ್ತಿದ್ದರು. ಹೂ ಕಟ್ಟಲು ಕಲಿಸಲು ನೋಡಿ, ನನ್ನ ಗಂಟುಗಳನ್ನೆಲ್ಲ ಬಿಚ್ಚಿ ಹಾಕುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, ನನ್ನನ್ನು ಕ್ಷಮಿಸಿದ್ದೀರಾ ಎಂದು ಕೇಳಿದೆ. "ಅದೊಂದನ್ನು ನನ್ನ ಹತ್ರ ಕೇಳ್ಬೇಡಿ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ತಂಗಿಯನ್ನು ಕರೆದು ಚಹಾ ಮಾಡಲು ಹೇಳಿದರು. ಮತ್ತೆ ಆ ಮಾತು ನಮ್ಮ ನಡುವೆ ಬರಲಿಲ್ಲ, ಎರಡೂವರೆ ವರ್ಷ.

ಕಳೆದ ತಿಂಗಳು ಒಂದು ಬುಧವಾರ, ಬೆಳಿಗ್ಗೆ ಮಲ್ಲಿಗೆ ಕೊಯ್ಯುವಾಗ ಅಂಗಳದಲ್ಲೇ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತು ಸಿಗಲಿಲ್ಲವಂತೆ.

ಗುರುವಾರ ನಾಲ್ಕು ಗಂಟೆಗೆ ಮಣ್ಣು. ಇಗರ್ಜಿಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೆಲವು ಎಳೆಯ ನರ್ಸ್‌ಗಳು, ಡ್ಯೂಟಿಯಿಂದ ನೇರ ಬಂದವರು. ಹೊರಗೆ ಶವಪೆಟ್ಟಿಗೆಯ ಹಿಂದೆ ನಡೆಯುವಾಗ ಅವರಲ್ಲಿ ಒಬ್ಬಳು ನನ್ನ ಜೊತೆ ಮಾತಿಗೆ ಬಂದಳು. ಈಗ ಆ ಕೋಣೆಯಲ್ಲಿ ಅವಳೇ ಇರುವುದಂತೆ.

"ಇವರು ರಿಟೈರ್ ಆಗುವ ದಿನ ಒಂದು ಹಾಳೆ ಬರ್ದು ಕೊಟ್ಟು ಹೋಗಿದ್ರು," ಎಂದಳು. "ಮಗುವಿಗೆ ಮದ್ದು ಹಾಕುವ ಮೊದಲು ಮೂರು ಜನರನ್ನು ಬೇರೆ ಬೇರೆ ಕೇಳ್ಬೇಕು, ಅವರವರ ಭಾಷೆಯಲ್ಲಿ. ಪ್ರಸಾದ, ತೀರ್ಥ, ಜೇನು, ಖರ್ಜೂರ, ಒಂದೊಂದರ ಹೆಸರು ಹೇಳಿ ಕೇಳ್ಬೇಕು. ಊಟ ಕೊಟ್ಟಿದ್ದೀರಾ ಅಂತ ಕೇಳ್ಬಾರ್ದು. ಹಲ್ಲಲ್ಲಿ ಎಂತ ಕಂಡ್ರೂ ಡಾಕ್ಟ್ರಿಗೆ ಹೇಳ್ಬೇಕು. ಈಗ ಅದೇ ನಮಗೆ ನಿಯಮ. ಮೊನ್ನೆ ಒಂದು ಮಗು ಉಳೀತು ಅದರಿಂದ."

"ಒಳ್ಳೆಯದು," ಎಂದೆ.

"ಯಾರೋ ಒಬ್ಬರು ಟೀಚರಂತೆ. ಮಗುವಿಗೆ ತಿನ್ಸಿ, ಇಲ್ಲ ಅಂತ ಹೇಳಿ, ಮತ್ತೆ ಇವರ ಮೇಲೆಯೇ ದೂರು ಕೊಟ್ಟದ್ದು. ಅಂಥವರು ಕ್ಲಾಸಲ್ಲಿ ಎಂತ ಕಲಿಸ್ತಾರೋ."

ಮುಂದೆ ಪೆಟ್ಟಿಗೆ ಹೊತ್ತವರು ಭುಜ ಬದಲಿಸಲು ನಿಂತರು. ನಾವೂ ನಿಂತೆವು. ನಾನು ಸುಮ್ಮನಿದ್ದರೆ ಆ ಹುಡುಗಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಪತ್ರ ಕೊಟ್ಟದ್ದು ಅತ್ತೆ ಜೊತೆಗಿದ್ದಾಗ. ಸಿಸ್ಟರಿಗೂ ಅತ್ತೆಗೂ ಹೇಳಿದ್ದು ಅವರಿಗೆ ಆಗಲೇ ಗೊತ್ತಿದ್ದದ್ದನ್ನು. ಗಂಡನಿಗೆ ಹೇಳಿದ್ದು ಪತ್ರ ಕೊಟ್ಟಾದ ಮೇಲೆ. ಯಾರೂ ಕೇಳದೆ, ಯಾರೂ ತಳ್ಳದೆ ನಾನು ಅದನ್ನು ಹೇಳಿದ್ದೇ ಇಲ್ಲ ಎಂದು ಅಲ್ಲಿ ನಿಂತಾಗ ತಿಳಿಯಿತು.

"ಆ ಟೀಚರ್ ನಾನೇ," ಎಂದೆ. ತುಳುವಿನಲ್ಲಿ ಹೇಳಿದೆ, ತಾನಾಗಿಯೇ ಹಾಗೆ ಬಂತು.

ಅವಳು ನನ್ನನ್ನು ನೋಡಿದಳು. ಮುಖ ಕೆಂಪಾಯಿತು. ದೂರ ಸರಿದು ಗೆಳತಿಯರ ಜೊತೆ ಸೇರಿಕೊಂಡಳು. ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಮಣ್ಣು ಹಾಕುವಾಗ ನನ್ನ ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ನಾನೂ ಒಂದು ಹಿಡಿ ಹಾಕಿ ಕೈ ಕೊಡವಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಮನೆಗೆ ಬಂದು ಇಂಚರಳಿಗೆ ಊಟ ಮಾಡಿಸಿ, ಅವಳ ಜೊತೆಗೆ ಒರಗಿದ್ದಷ್ಟೇ ಗೊತ್ತು.

ಅವಳು ಭುಜ ಹಿಡಿದು ಅಲುಗಾಡಿಸಿದಾಗ ಕೋಣೆಯ ತುಂಬ ಬಿಸಿಲಿತ್ತು.

"ಅಮ್ಮ, ಶಾಲೆಯ ವ್ಯಾನ್ ಬಂದು ಹೋಯ್ತು," ಎಂದಳು. "ಹಾರ್ನ್ ಹಾಕಿದ್ರು. ನೀನು ಏಳ್ಲೇ ಇಲ್ಲ."